ತಲೆಗೆ ಮೂರು ಸೆಕೆಂಡು

ಹುಣಸೂರಿಗೆ ಬಂದು ಸುಶೀಲಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಮಿಕ್ಸಿಂಗ್ ಸುಶೀಲಕ್ಕನ ಮನೆ ಎನ್ನಬೇಕು. ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸಕ್ಕೆ ನಮ್ಮ ಕಡೆ ಎಡಿಟಿಂಗ್ ಎಂದವರು ಕಡಿಮೆ, ಮಿಕ್ಸಿಂಗ್ ಎಂದೇ ಹೆಸರು. ನಾನು ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ಜ್ಯೂಸ್ ಮಾಡಿಕೊಡುತ್ತೇನೆಂದು ನಮ್ಮತ್ತೆ ಬಹಳ ಕಾಲ ನಂಬಿದ್ದರು. ನಾನೂ ತಿದ್ದಲಿಲ್ಲ. ಅವರ ಕಣ್ಣಿಗೆ ಅದು ಹೆಚ್ಚು ಮರ್ಯಾದೆಯ ಕೆಲಸವಾಗಿತ್ತು.

ಕಣ್ಣು ಹಠ ಹಿಡಿದ ಮೇಲೆ ಕೆಲಸ ಬಿಟ್ಟಿದ್ದೇನೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಮನೆಗೆ ಬಂದು, ಏನಾದರೂ ಹೇಳಿಕೊಡಿ ಆಂಟಿ ಎನ್ನುತ್ತಾರೆ. ಯಾವ ಗುಂಡಿ ಎಲ್ಲಿದೆ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯಾವುದನ್ನು ಯಾವಾಗ ಒತ್ತಬಾರದು ಎನ್ನುವುದನ್ನು ಮಾತ್ರ ನಾನು ಒತ್ತಿ ಒತ್ತಿ ಕಲಿತಿದ್ದೇನೆ. ಅಷ್ಟನ್ನು ಬರೆದಿಡುತ್ತೇನೆ.

ನಾನು ಓದಿದ್ದು ಹಾಸ್ಟೆಲ್ಲಿನಲ್ಲಿ. ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ತಲೆ ಬಾಚುವುದಕ್ಕೂ ಒಂದು ಗಂಟೆ. ಅದು ಮುಗಿದ ಮೇಲೆ ಟೈಪಿಂಗ್ ಕಲಿತೆ. ಅಲ್ಲಿ ಬೆರಳನ್ನು ನೋಡಿಕೊಂಡು ಒತ್ತಿದರೆ ಅದೇ ಬೆರಳಿಗೆ ಸ್ಕೇಲಿನ ಏಟು. ಇಂಥವಳ ಕೈಗೆ ಊರವರ ಮದುವೆಗಳನ್ನು ಕೊಟ್ಟರೆ ಮದುವೆಗಳೆಲ್ಲ ಪರೇಡ್ ಆಗುತ್ತವೆ. ಆದವು.

ಬಸ್ ಸ್ಟ್ಯಾಂಡಿನ ಹತ್ತಿರ ನಂಜುಂಡಯ್ಯನವರ ಸ್ಟುಡಿಯೋ ಇತ್ತು. ನಾನು ಸೇರಿದ್ದು ಬಿಲ್ಲು ಬರೆಯುವುದಕ್ಕೆ. ಮಿಕ್ಸಿಂಗ್ ಮಾಡುತ್ತಿದ್ದವನು ಮೈಸೂರಿನ ಸ್ಟುಡಿಯೋಗೆ ಹೋದ ವಾರವೇ ನನ್ನನ್ನು ಒಳಗಿನ ಕೋಣೆಗೆ ಕರೆದು ಎರಡು ವಿಸಿಆರ್‌ಗಳ ಮುಂದೆ ಕೂರಿಸಿದರು. ಒಂದರಲ್ಲಿ ಮದುವೆಯ ಟೇಪು ಓಡುತ್ತದೆ. ಬೇಕಾದದ್ದು ಬಂದಾಗ ಇನ್ನೊಂದರ ರೆಕಾರ್ಡ್ ಗುಂಡಿ ಒತ್ತಬೇಕು, ಬೇಡವಾದಾಗ ನಿಲ್ಲಿಸಬೇಕು.

"ಬೇಕಾದದ್ದು ಯಾವುದು ಸಾರ್?" ಎಂದು ಕೇಳಿದೆ.

"ನೋಡೋರಿಗೆ ಬೇಜಾರಾಗ್ಬಾರ್ದು ಕಣಮ್ಮ. ಬೇಜಾರಾಗೋದನ್ನೆಲ್ಲ ಕಿತ್ತಾಕು. ಮಿಕ್ಕಿದ್ದು ಮದುವೆ."

ಇಷ್ಟೇ ನನಗೆ ಸಿಕ್ಕ ತರಬೇತಿ. ನಾನು ಅದನ್ನು ಹಾಸ್ಟೆಲ್ಲಿನ ನಿಯಮದಂತೆ ಪಾಲಿಸಿದೆ.

ಮೊದಲ ಪೆಟ್ಟು ಬಿದ್ದದ್ದು ಕೆ.ಆರ್. ನಗರದ ಕಡೆಯ ಒಂದು ಮದುವೆಯಲ್ಲಿ. ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಹುಡುಗಿ ಬಹಳ ಅತ್ತಿದ್ದಳು. ಕಾಡಿಗೆ ಇಳಿದಿತ್ತು, ಮೂಗು ಕೆಂಪಾಗಿತ್ತು. ಶುಭ ಸಮಾರಂಭದಲ್ಲಿ ಇದೇಕೆ ಎಂದು ಅಳುವನ್ನೆಲ್ಲ ಕಿತ್ತು, ಅದಕ್ಕೆ ಮುಂಚೆ ಅವಳು ಗೆಳತಿಯ ಜೊತೆ ನಕ್ಕದ್ದಕ್ಕೆ ನೇರವಾಗಿ ಕಾರಿನ ಬಾಗಿಲನ್ನು ಜೋಡಿಸಿದೆ. ನನಗೆ ಬಹಳ ಹಿಡಿಸಿತು. ಟೇಪು ತೆಗೆದುಕೊಂಡು ಹೋದ ವಾರದಲ್ಲೇ ಹುಡುಗಿಯ ತಾಯಿ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದರು.

"ಯಾರವ್ವ ಇಲ್ಲಿ ಕತ್ತರ್ಸೋಳು?"

"ನಾನೇ ತಾಯಿ."

"ನನ್ ಮಗ್ಳು ಬಿಕ್ಕಿ ಬಿಕ್ಕಿ ಅತ್ತವ್ಳೆ. ಅತ್ತಿದ್ದ ನೋಡಿ ಊರ್ಗೂರೇ ಅತ್ತದೆ. ನೀನು ಅವ್ಳನ್ನ ಕಿಸಿಕಿಸಿ ನಗುಸ್ಕಂಡು ಕಾರ್ ಅತ್ತಿಸಿದ್ದೀಯ. ಬೀಗ್ರು ಏನಂದಾರು? ಈ ಎಣ್ಣಿಗೆ ತವರಂದ್ರೆ ಅಷ್ಟಕ್ಕಷ್ಟೆ ಅನ್ನಾಕಿಲ್ವ? ನನ್ ಮಗ್ಳ ಅಳು ನಂಗೆ ಕೊಡು!"

ನಂಜುಂಡಯ್ಯನವರು ಕನ್ನಡಕ ತೆಗೆದು ಒರೆಸುತ್ತಾ, "ಅಳು ಹಾಕ್ಕೊಡು ಸುಶೀಲಾ" ಎಂದರು. ವಿಸಿಆರ್ ಕಾಲದಲ್ಲಿ ನಡುವೆ ಒಂದು ದೃಶ್ಯ ಸೇರಿಸಬೇಕೆಂದರೆ ಅಲ್ಲಿಂದ ಮುಂದಿನದನ್ನೆಲ್ಲ ಹೊಸದಾಗಿ ಮಾಡಬೇಕು. ಮಾಡಿದೆ. ಮುಂದಿನ ಮದುವೆಯಲ್ಲಿ ಮುನ್ನೆಚ್ಚರಿಕೆಯಾಗಿ ಒಂದು ಹನಿ ಕಣ್ಣೀರನ್ನೂ ಕೈಬಿಡಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ ಅಡುಗೆಯವರ ಕಣ್ಣೀರನ್ನೂ ಸೇರಿಸಿ ಹಿಂದೆ ಶೋಕದ ಕೊಳಲು ಹಾಕಿದೆ. ಆ ಪಾರ್ಟಿಯವರು ಬಂದು, "ಮದ್ವೆ ಕ್ಯಾಸೆಟ್ ಕೇಳಿದ್ವಾ, ತಿಥಿ ಕ್ಯಾಸೆಟ್ ಕೇಳಿದ್ವಾ?" ಎಂದು ವಿಚಾರಿಸಿದರು.

ಆಮೇಲೆ ಕಂಪ್ಯೂಟರ್ ಬಂತು. ಸಾಫ್ಟ್‌ವೇರಿನ ಜೊತೆ ಹೃದಯ, ಗುಲಾಬಿ, ಚಿಟ್ಟೆಗಳ ಒಂದು ಸಂತೆಯೇ ಬಂತು. ಇದ್ದದ್ದನ್ನೆಲ್ಲ ಬಳಸದಿದ್ದರೆ ನಷ್ಟ ಎಂಬಂತೆ ಬಳಸಿದೆ. ವಧುವಿನ ಮುಖ ಹೃದಯವಾಗಿ, ಹೃದಯ ತಿರುಗಿ ಗುಲಾಬಿಯಾಗಿ, ಗುಲಾಬಿ ಒಡೆದರೆ ಒಳಗೆ ಬೀಡಿ ಹಚ್ಚುತ್ತಿರುವ ವರನ ದೊಡ್ಡಪ್ಪ. ಆ ಕಾಲದ ಮದುವೆಗಳು ಈಗಲೂ ಜನರ ಮನೆಗಳಲ್ಲಿವೆ. ಅಂಥ ಮನೆಗೆ ಹೋದರೆ ನಾನು ಟಿವಿಗೆ ಬೆನ್ನು ಹಾಕಿ ಕೂರುತ್ತೇನೆ.

ಆದರೆ ಕಂಪ್ಯೂಟರ್ ಒಂದು ದೊಡ್ಡ ಉಪಕಾರ ಮಾಡಿತು. ಕ್ಲಿಪ್ಪಿನ ಅಂಚನ್ನು ಮೌಸಿನಲ್ಲಿ ಹಿಡಿದು ಒಳಕ್ಕೆ ತಳ್ಳಿದರೆ ಕ್ಲಿಪ್ಪು ಗಿಡ್ಡವಾಗುತ್ತದೆ. ಮತ್ತೆ ಹೊರಕ್ಕೆ ಎಳೆದರೆ ಹೋದದ್ದೆಲ್ಲ ವಾಪಸು ಬರುತ್ತದೆ. ಟ್ರಿಮ್ ಮಾಡಿದ ಭಾಗ ಎಲ್ಲಿಗೂ ಹೋಗಿರುವುದಿಲ್ಲ, ಅಂಚಿನ ಹಿಂದೆ ಅವಿತುಕೊಂಡಿರುತ್ತದೆ. ಕ್ಯಾಮರಾದಿಂದ ಬಂದ ಮೂಲ ಫೈಲು ಡಿಸ್ಕಿನಲ್ಲಿ ಇರುವ ತನಕ ಮಾತ್ರ, ಅದನ್ನು ನೆನಪಿಡಿ. ಇದನ್ನು ಮೊದಲ ಸಲ ತೋರಿಸಿದಾಗ ನಂಜುಂಡಯ್ಯನವರಿಗೆ ನಂಬಿಕೆ ಬರಲಿಲ್ಲ.

"ಕತ್ತರ್ಸಿದ್ದು ಎಲ್ಲಿದೆಯಮ್ಮ?"

"ಒಳಗೇ ಇದೆ ಸಾರ್."

"ಯಾವುದ್ರೊಳಗೆ?"

ಅದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮೇಜಿನ ಕೆಳಗಿದ್ದ ಡಬ್ಬದತ್ತ ಕೈ ತೋರಿಸಿದೆ. ಅವರು ಬಗ್ಗಿ ನೋಡಿ, "ಇಲಿ ಕಡೀದ ಹಾಗೆ ನೋಡ್ಕೋ" ಎಂದು ಹೇಳಿ ಹೋದರು.

ಒಮ್ಮೆ ಎಚ್.ಡಿ. ಕೋಟೆಯ ಕಡೆಯ ಒಂದು ಸ್ವಯಂಸೇವಾ ಸಂಸ್ಥೆಯವರು ಕಾಕನಕೋಟೆ ಕಾಡಂಚಿನ ಬುಡಕಟ್ಟಿನವರ ಹಾಡಿಯೊಂದರಲ್ಲಿ ತೆಗೆದ ಚಿತ್ರ ತಂದುಕೊಟ್ಟರು. ಅದರಲ್ಲಿ ಹಾಡಿಯ ಹಿರಿಯರೊಬ್ಬರು ಜೇನು ತೆಗೆಯುವುದನ್ನು ಹೇಳುತ್ತಿದ್ದರು. ಒಂದು ಮಾತು ಆಡುವುದು, ಮರದ ಕಡೆ ನೋಡುವುದು, ಏನೋ ನೆನೆದು ನಗುವುದು, ಮತ್ತೊಂದು ಮಾತು. ನಾನು ಮರ, ನಗು, ಸುಮ್ಮನಿದ್ದದ್ದು ಎಲ್ಲವನ್ನೂ ತೆಗೆದು ಮಾತಿಗೆ ಮಾತು ಅಂಟಿಸಿದೆ. ಹಾಡಿಯಲ್ಲಿ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ ಅದನ್ನು ತೋರಿಸಿದ ದಿನ ನನ್ನನ್ನೂ ಕರೆದಿದ್ದರು. ಶುರುವಾದ ಕೂಡಲೇ ಹೆಂಗಸರು ಮಕ್ಕಳು ಬಿದ್ದು ಬಿದ್ದು ನಗತೊಡಗಿದರು. ಹಿರಿಯರು ನನ್ನ ಕಡೆ ತಿರುಗಿ, "ಏನವ್ವ, ನನ್ನ ಬಸ್ ಕಂಡಕ್ಟರ್ ಮಾಡ್ಬುಟ್ಟಿದ್ದೀಯಲ್ಲ? ಉಸ್ರಾಡಾಕೂ ಬುಟ್ಟಿಲ್ಲ!" ಎಂದರು.

ಇದಾದ ಮೇಲಾದರೂ ಬುದ್ಧಿ ಕಲಿತಳು ಎಂದು ನೀವು ಎಣಿಸಿದರೆ ನನ್ನ ಪರಿಚಯ ನಿಮಗೆ ಇನ್ನೂ ಆಗಿಲ್ಲ. ಮರ, ನಗು ಎಲ್ಲ ಮತ್ತೆ ಸೇರಿಸಿ ಆ ಹಿರಿಯರ ಉಸಿರನ್ನು ಅವರಿಗೆ ವಾಪಸು ಕೊಟ್ಟೆ. ಧಾರೆಯ ಸಾಲಿನ ವಿಷಯಕ್ಕೆ ಮಾತ್ರ ಬಿಗಿಯಾಗಿಯೇ ಉಳಿದೆ.

ನಮ್ಮ ಕಡೆಯ ಮದುವೆಯಲ್ಲಿ ಧಾರೆ ಎಂದರೆ ಅಪ್ಪ ಅಮ್ಮ ಹಾಲೆರೆದರೆ ಮುಗಿಯುವುದಿಲ್ಲ. ನೆಂಟರು, ಊರವರು, ಪಕ್ಕದ ಊರವರು ಎಲ್ಲರೂ ಒಬ್ಬರ ಹಿಂದೊಬ್ಬರು ವೇದಿಕೆ ಹತ್ತಿ ಹೆಣ್ಣು ಗಂಡಿನ ಜೋಡಿಸಿದ ಕೈ ಮೇಲೆ ಚೊಂಬಿನಿಂದ ಹಾಲು ಹುಯ್ಯಬೇಕು. ಸಾಲು ಛತ್ರದ ಬಾಗಿಲು ದಾಟಿ ಚಪ್ಪಲಿ ಬಿಡುವ ಜಾಗದ ತನಕ ಇರುತ್ತದೆ. ಕ್ಯಾಮರಾದವರು ಅಷ್ಟನ್ನೂ ತೆಗೆದು ತಂದು ನನ್ನ ಮುಂದೆ ಸುರಿಯುತ್ತಿದ್ದರು. ಬೇರೆ ಸ್ಟುಡಿಯೋದವರು ಇದನ್ನು ವೇಗವಾಗಿ ಓಡಿಸುತ್ತಿದ್ದರು, ಜನ ಇರುವೆಗಳ ಹಾಗೆ ಹತ್ತಿ ಇಳಿಯುತ್ತಿದ್ದರು. ನನಗೆ ಅದು ಅಶಿಸ್ತು ಎನಿಸಿತು. ನಾನು ನಿಯಮ ಮಾಡಿದೆ: ತಲೆಗೆ ಮೂರು ಸೆಕೆಂಡು. ಚೊಂಬು ಬಾಗಬೇಕು, ಹಾಲು ಬೀಳಬೇಕು, ಕಟ್. ಕ್ಯಾಮರಾಗೆ ಬೆನ್ನು ಹಾಕಿದವರಿಗೆ ಅದೂ ಇಲ್ಲ. ಎಂಎಲ್‌ಎ ಬಂದರೂ ಮೂರು ಸೆಕೆಂಡು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಎಂಎಲ್‌ಎಗೆ ಕೊನೆಗೆ ಸ್ವಲ್ಪ ಹೆಚ್ಚೇ ಕೊಡುತ್ತಿದ್ದೆ, ಆ ಮಾತು ಬೇರೆ.

ಹೊಗೆಸೊಪ್ಪು ಮಾರಿ ಮುಗಿದ ಮೇಲೆ ನಮ್ಮ ತಾಲ್ಲೂಕುಗಳಲ್ಲಿ ಮದುವೆಗಳು ಒಂದರ ಮೇಲೊಂದು ಬೀಳುತ್ತವೆ. ಅಂಥ ಒಂದು ಸೀಸನ್ನಿನಲ್ಲಿ ರಾವಂದೂರಿನ ರತ್ನಮ್ಮ ಎಂಬುವರ ಮಗಳ ಮದುವೆ ಪಿರಿಯಾಪಟ್ಟಣದ ಛತ್ರದಲ್ಲಿ ನಡೆಯಿತು. ಪೆನ್‌ಡ್ರೈವ್ ಒಯ್ದು ಸ್ವಲ್ಪ ದಿನ ಕಳೆದಿರಬಹುದು, ಒಂದು ಮಧ್ಯಾಹ್ನ ರತ್ನಮ್ಮ ಒಬ್ಬರೇ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು.

"ಅಕ್ಕ, ನಮ್ಮಣ್ಣ ಎಲ್ಲಿ?"

"ಯಾವ ಅಣ್ಣ ತಾಯಿ?"

"ಧಾರೆ ಉಯ್ದ ನಮ್ಮಣ್ಣ. ಉಯ್ದಿದ್ದ ಈ ಕಣ್ಣಾರೆ ನೋಡಿವ್ನಿ. ನಿನ್ ವಿಡಿಯೋದಲ್ಲಿ ಅವ್ನೇ ಇಲ್ಲ."

ಆಕೆ ಬಿಡಿಬಿಡಿಯಾಗಿ ಹೇಳಿದ ವಿಷಯ ಇಷ್ಟು. ಅಣ್ಣ ಕಾಳೇಗೌಡರು ಬೆಟ್ಟದಪುರದವರು. ಒಂದೇ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಗೂಡಿನಲ್ಲಿ, ಎರಡೂ ಮನೆಯ ಹೊಗೆಸೊಪ್ಪು ಬೇಯಿಸುತ್ತಿದ್ದಾಗ ಸರದಿಯ ವಿಚಾರಕ್ಕೆ ಮಾತು ಬೆಳೆದು ಅಣ್ಣ ತಂಗಿ ಮಾತು ಬಿಟ್ಟಿದ್ದರು. ಮದುವೆಗೆ ಕರೆಯಲು ರತ್ನಮ್ಮ ತಾನು ಹೋಗದೆ ಗಂಡನನ್ನು ಕಳಿಸಿದ್ದರು. ಬರುವುದಿಲ್ಲ ಎಂದುಕೊಂಡಿದ್ದ ಅಣ್ಣ ಧಾರೆಯ ಹೊತ್ತಿಗೆ ಬಂದ, ಹಾಲು ಹುಯ್ದ, ಊಟಕ್ಕೆ ನಿಲ್ಲದೆ ಹೋದ. ಮದುವೆ ಮನೆಯಲ್ಲಿ ಉಣ್ಣದೆ ಹೋಗುವುದು ನಮ್ಮ ಕಡೆ ಸಣ್ಣ ಮಾತಲ್ಲ. ತಂಗಿಗೆ ಅದೇ ಒಂದು ಗಾಯವಾಗಿತ್ತು. ಈಗ ಬೆಟ್ಟದಪುರದ ನೆಂಟರೊಬ್ಬರ ಮನೆಯಲ್ಲಿ ಎಲ್ಲರೂ ಕೂತು ವಿಡಿಯೋ ನೋಡಿದ್ದಾರೆ. ಸಾಲಿನಲ್ಲಿ ಹಿಂದೆ ನಿಂತಿದ್ದವಳಿದ್ದಾಳೆ, ಮುಂದೆ ನಿಂತಿದ್ದವನಿದ್ದಾನೆ, ನಡುವೆ ಕಾಳೇಗೌಡರಿಲ್ಲ.

"ಕತ್ತರ್ಸಾಕ್ಬುಟ್ಟವ್ಳೆ, ಇನ್ನು ಅವ್ಳಿಗೆ ಅಣ್ಣ ಇಲ್ಲ ಅಂದ್ಕಳ್ಳಿ ಅಂತ ಏಳ್ಕಳ್ಸವ್ನೆ. ನೀನೇ ಏಳಕ್ಕ, ನಾನು ಕತ್ತರಿ ಇಡ್ದೋಳಾ?"

ಕತ್ತರಿ ಹಿಡಿದವಳು ಎದುರಿಗೇ ಕೂತಿದ್ದಳು. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಪಾರ್ಟಿಗೆ ತಲುಪಿದ ಮದುವೆಗಳ ಮೂಲ ಫೈಲುಗಳನ್ನು ಸೋಮವಾರ ಬೆಳಗ್ಗೆ ಅಳಿಸಿ ಡಿಸ್ಕು ಖಾಲಿ ಮಾಡುವುದು ನನ್ನ ನೇಮ. ಹಬ್ಬವಿರಲಿ, ಜ್ವರವಿರಲಿ, ತಪ್ಪಿಸಿದವಳಲ್ಲ. ರತ್ನಮ್ಮನ ಮಗಳ ಮದುವೆ ಕೊಟ್ಟ ಮೇಲೆ ಒಂದು ಸೋಮವಾರ ಕಳೆದಿತ್ತು.

ಕಂಪ್ಯೂಟರ್ ಹಚ್ಚಿ, ಅದು ಏಳುವ ತನಕ ಮನೆದೇವರನ್ನು ನೆನೆದೆ. ಫೈಲು ಅಲ್ಲೇ ಇತ್ತು! ಆಗ ನೆನಪಾಯಿತು. ಆ ಸೋಮವಾರ ಲೈನು ರಿಪೇರಿ ಎಂದು ಊರಿಗೆಲ್ಲ ಕರೆಂಟ್ ಇರಲಿಲ್ಲ. ಮಂಗಳವಾರ ಅಳಿಸಬಹುದಿತ್ತು. ಆದರೆ ಸೋಮವಾರದ ಕೆಲಸವನ್ನು ಮಂಗಳವಾರ ಮಾಡುವುದು ನನ್ನ ಶಿಸ್ತಿಗೆ ಒಗ್ಗದೆ ಮುಂದಿನ ಸೋಮವಾರಕ್ಕೆ ಬಿಟ್ಟಿದ್ದೆ. ನನ್ನ ಮೊಂಡುತನ ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ.

ಧಾರೆಯ ಸಾಲನ್ನು ತೆರೆದೆ. ಹಸಿರು ಶಾಲಿನ ಮುದುಕರೊಬ್ಬರಾದ ಮೇಲೆ ಕಟ್ ಇತ್ತು. ಆ ಅಂಚನ್ನು ಹಿಡಿದು ಮೆಲ್ಲಗೆ ಎಳೆದೆ. ಎತ್ತರದ ಆಳು, ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕ್ಯಾಮರಾಗೆ ಪೂರ್ತಿ ಬೆನ್ನು.

"ಇವ್ನೇ! ಇವ್ನೇ ನಮ್ಮಣ್ಣ!" ರತ್ನಮ್ಮ ನನ್ನ ತೋಳು ಹಿಡಿದರು.

ಯಾಕೆ ಕತ್ತರಿಸಿದ್ದೆ ಎನ್ನುವುದು ಒಂದೇ ನೋಟಕ್ಕೆ ಗೊತ್ತಾಯಿತು. ಬೆನ್ನು ಒಂದು. ಎರಡನೆಯದು, ಆ ಮನುಷ್ಯ ಹುಯ್ಯುತ್ತಲೇ ಇದ್ದರು. ಹಾಲು ಮುಗಿದ ಮೇಲೂ ಖಾಲಿ ಚೊಂಬು ಹಿಡಿದುಕೊಂಡು ತಂಗಿಯ ಕಡೆ ಮುಖ ಮಾಡಿ ನಿಂತಿದ್ದರು. ತಂಗಿ ಅದೇ ಹೊತ್ತಿಗೆ ತಲೆ ತಗ್ಗಿಸಿ ಮಗಳ ಸೆರಗಿನ ಪಿನ್ನು ಸರಿಮಾಡುತ್ತಿದ್ದರು. ಹಿಂದಿನವರು ಒತ್ತಿದರು. ಅವರು ಚೊಂಬು ಇಟ್ಟು ಆ ಕಡೆಯ ಮೆಟ್ಟಿಲಿನತ್ತ ಹೋದರು.

"ಆಮೇಲೆ?" ಎಂದರು ರತ್ನಮ್ಮ.

"ಆಮೇಲೇನಿಲ್ಲ ತಾಯಿ, ಇಳಿದು ಹೋಗ್ತಾರೆ."

"ಎಳಿಯಕ್ಕ, ಇನ್ನೊಸಿ ಎಳಿ."

ಎಳೆದೆ. ಕೆಲಸ ಮುಗಿದ ಮೇಲೆ ಯಾರಿಗೂ ಬೇಡವೆಂದು ನಾನು ಎಸೆಯುವ ಬಾಲ ಅದು. ಅದರಲ್ಲಿ ರತ್ನಮ್ಮ ತಲೆ ಎತ್ತಿ ಹುಡುಕುತ್ತಾರೆ. ಅಣ್ಣ ಕಾಣದೆ ವೇದಿಕೆಯ ಅಂಚಿಗೆ ಬರುತ್ತಾರೆ. ಕೈ ಬೀಸಿ ಏನೋ ಕೂಗುತ್ತಾರೆ, ಮತ್ತೆ ಕೂಗುತ್ತಾರೆ. ಅಣ್ಣ ಮೆಟ್ಟಿಲಿಳಿದು ಹೋಗುತ್ತಲೇ ಇದ್ದಾರೆ, ತಿರುಗುವುದಿಲ್ಲ. ಮೆಟ್ಟಿಲ ಪಕ್ಕದಲ್ಲಿ ವಾಲಗದವನು ಕೆನ್ನೆ ಉಬ್ಬಿಸಿ ಅವರ ಕಿವಿಯ ಬುಡದಲ್ಲೇ ಊದುತ್ತಿದ್ದಾನೆ. ಧಾರೆಯ ಹೊತ್ತಿನ ಗಟ್ಟಿಮೇಳ, ಕ್ಯಾಮರಾದ ಮೈಕೇ ಒಡೆದುಹೋಗುವಂತಿತ್ತು. ನಾನು ಅದನ್ನೂ ತೆಗೆದು ಹಾಡು ಹಾಕಿದ್ದೆ.

ರತ್ನಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು.

"ಅಯ್ಯೋ ಶಿವನೇ, ಇವ್ನಿಗೆ ಕೇಳ್ಸೇ ಇಲ್ಲ! ಉಂಡ್ಕಂಡ್ ಓಗಣ್ಣ, ಉಂಡ್ಕಂಡ್ ಓಗಣ್ಣ ಅಂತ ಬಡ್ಕತಾ ಇವ್ನಿ. ತಿರುಗ್ನಿಲ್ಲವಲ್ಲ, ಕೇಳಿಸ್ಕಂಡೂ ಓಯ್ತಾವ್ನೆ, ಇವ್ನಿಗೆಷ್ಟು ಕೊಬ್ಬು ಅಂದ್ಕಂಡಿದ್ದೆ ಕಣಕ್ಕ. ನೋಡು, ಆ ವಾಲಗದೋನು ಕಿವಿಗೇ ಊದ್ತಾವ್ನೆ!"

"ಹೋಗಿ ಹೇಳಿಬಿಡಿ ಹಾಗಾದ್ರೆ."

ಸೆರಗಿನಿಂದ ಮುಖ ಒರೆಸಿಕೊಂಡ ಕೂಡಲೇ ಬಿಗುಮಾನವೂ ವಾಪಸು ಬಂತು. "ನಾನ್ ಯಾಕ್ ಓಗ್ಲಿ? ಅವತ್ತು ಕರ್ದಿವ್ನಿ. ಇನ್ನೆಷ್ಟ್ ಸಲ ಕರೀಲಿ? ಕತ್ತರ್ಸಿದೋಳು ನೀನು, ನೀನೇ ಓಗು."

ನ್ಯಾಯವಾದ ಮಾತು. ಕ್ಲಿಪ್ಪನ್ನು ಸ್ಟುಡಿಯೋದ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಅದನ್ನು ಬ್ಯಾಗಿಗೆ ಹಾಕುವ ಮುಂಚೆ, ಕೈ ಅಭ್ಯಾಸಕ್ಕೆ, ಆ ಕ್ಲಿಪ್ಪಿನ ಕೊನೆಗೊಂದು ಗುಲಾಬಿ ಸೇರಿಸಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಗಿ ತೆಗೆದೆ.

ಬೆಟ್ಟದಪುರದಲ್ಲಿ ಕಾಳೇಗೌಡರು ಮನೆಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅವರ ಹೆಂಡತಿ ಪುಟ್ಟಮ್ಮ ನೀರು ತಂದುಕೊಟ್ಟರು.

"ಯಾರು, ಗೊತ್ತಾಗ್ನಿಲ್ಲ?" ಎಂದರು ಗೌಡರು.

"ಹುಣಸೂರಿನ ಸ್ಟುಡಿಯೋದಿಂದ. ವಿಡಿಯೋದಲ್ಲಿ ನಿಮ್ಮನ್ನ ಕತ್ತರಿಸಿದವಳು ನಾನೇ."

ಹಗ್ಗ ನಿಂತಿತು. "ಕತ್ತರ್ಸು ಅಂತ ರತ್ನಿ ಏಳಿದ್ಲಾ?"

"ಇಲ್ಲ ಗೌಡ್ರೆ. ಅವರಿಗೆ ಗೊತ್ತೇ ಇಲ್ಲ. ನೀವು ಕ್ಯಾಮರಾಗೆ ಬೆನ್ನು ಹಾಕಿದ್ರಿ. ಟೈಮೂ ಜಾಸ್ತಿ ತಗೊಂಡ್ರಿ."

"ಟೈಮ್ ಜಾಸ್ತಿಯಾ? ಸೋದರಮಾವ ಧಾರೆ ಉಯ್ಯಾಕೆ ಎಷ್ಟೊತ್ತು ಅಂತ ನಿಮ್ ಸ್ಟುಡಿಯೋದಲ್ಲಿ ಬೋರ್ಡ್ ಆಕಿದ್ದೀರಾ?"

"ಮೂರು ಸೆಕೆಂಡು" ಎಂದುಬಿಟ್ಟೆ. ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಹೇಳಬೇಕೆನ್ನುವುದೂ ಹಾಸ್ಟೆಲ್ಲಿನದೇ ರೋಗ.

ಪುಟ್ಟಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಗೌಡರು ನಗಲಿಲ್ಲ. ಇನ್ನೇನು ಎದ್ದು ಒಳಗೆ ಹೋಗುತ್ತಾರೆ ಎನ್ನುವಷ್ಟರಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಜಗಲಿಯ ಮೇಲಿಟ್ಟು ಕ್ಲಿಪ್ಪು ಓಡಿಸಿದೆ. ತನ್ನ ಬೆನ್ನು ತಾನೇ ನೋಡುವ ಅವಕಾಶ ಯಾರಿಗೂ ಸುಮ್ಮನೆ ಸಿಗುವುದಿಲ್ಲ. ಅವರು ನಿಂತರು.

"ನೆತ್ತಿ ಮೇಲೆ ಇಷ್ಟು ಬಯಲಾಗೋಗದಾ?"

"ನಾನು ಏಳ್ತಾನೇ ಇವ್ನಿ, ನೀವು ಎಲ್ ಕೇಳೀರಿ" ಎಂದರು ಪುಟ್ಟಮ್ಮ.

ಹಾಲು ಮುಗಿಯಿತು. ಖಾಲಿ ಚೊಂಬು ಹಿಡಿದು ನಿಂತದ್ದು ಬಂತು. ಗೌಡರು ಹುಬ್ಬು ಗಂಟಿಕ್ಕಿ, "ನೋಡೀಗ, ಬಂದೋನ ಮಕ ನೋಡ್ನಿಲ್ಲ. ಬಾ ಅನ್ನೋದ್ ಬ್ಯಾಡ, ಉಣ್ಣು ಅನ್ನೋರಾದ್ರೂ ಒಬ್ರು ಬೇಡ್ವಾ?" ಎನ್ನುತ್ತಿದ್ದಂತೆ ಬಾಲ ಶುರುವಾಯಿತು. ತಂಗಿ ತಲೆ ಎತ್ತಿದರು, ವೇದಿಕೆಯ ಅಂಚಿಗೆ ಬಂದರು, ಕೈ ಬೀಸಿದರು. ವಾಲಗದ ಅಬ್ಬರದಲ್ಲಿ ದನಿಯೇನೂ ಕೇಳುತ್ತಿರಲಿಲ್ಲ, ಬಾಯಿ ಮಾತ್ರ ಆಡುತ್ತಿತ್ತು.

ಪುಟ್ಟಮ್ಮ ಬಗ್ಗಿ ನೋಡಿದರು. "ಉಂಡ್ಕಂಡ್ ಓಗು ಅಂತಾವ್ಳೆ ಕಣಿ."

"ಎಲ್ಲಿ? ಆಕಳಿಸ್ತಾವ್ಳೆ."

"ಕೈ ಬೀಸ್ಕಂಡು ಯಾರಾದ್ರೂ ಆಕಳಿಸ್ತಾರಾ? ಅಣ್ಣ ಅಂದ್ಲು ನೋಡಿ. ಇಗಾ, ಇನ್ನೊಂದ್ಸಲ ಅಂದ್ಲು."

ಗೌಡರು ಬೆರಳಲ್ಲಿ ಗಾಳಿಯಲ್ಲೇ ಒಂದು ಸುತ್ತು ಸುತ್ತಿದರು. ಮತ್ತೆ ಹಾಕು ಎಂದು ಅರ್ಥ. ಹಾಕಿದೆ. ಮತ್ತೆ ಸುತ್ತಿದರು. ಅಷ್ಟು ಸಲ ಯಾರೂ ನನ್ನ ಕೆಲಸವನ್ನು ನೋಡಿದ್ದಿಲ್ಲ. ಅದರಲ್ಲಿ ನನ್ನ ಕೆಲಸ ಏನೂ ಇರಲಿಲ್ಲ. ಕೊನೆಗೆ ಬ್ಯಾಟರಿ ಇನ್ನು ತಾಳಲಾರೆ ಎಂದಿತು.

"ಅಂಗಿ ಕೊಡೇ" ಎಂದರು ಹೆಂಡತಿಗೆ.

"ಈಗೆಲ್ಲಿಗೆ? ಅನ್ನ ಬಸಿದಿವ್ನಿ, ಉಂಡು ಓಗಿ."

"ನೀನು ಉಣ್ಣು."

ಒಂದೇ ಬಸ್ಸಿನಲ್ಲಿ ಬಂದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ರಾವಂದೂರು ಬಂದಾಗ ಎದ್ದು ನಿಂತು, "ನೀವೂ ಇಳೀರಿ" ಎಂದರು. ಇಳಿದೆ.

ರತ್ನಮ್ಮ ಮನೆಯ ಮುಂದೆ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದರು. ನಮ್ಮನ್ನು ಕಂಡು ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತರು. ಗೌಡರು ಅಂಗಳದ ಅಂಚಿನಲ್ಲೇ ನಿಂತು ಟವಲು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು.

"ಅವತ್ತು ಉಣ್ಣಾಕೆ ಕರ್ದ್ಯಲ್ಲ," ಎಂದರು. "ಬಂದಿವ್ನಿ."

ರತ್ನಮ್ಮ ಬಟ್ಟೆಯನ್ನೆಲ್ಲ ನನ್ನ ಕೈಗೆ ತುರುಕಿ ಒಳಗೆ ನಡೆದರು. ಒಳಗಿನಿಂದ ದನಿ ಬಂತು.

"ಇಷ್ಟೊತ್ತಾ ಬರೋದು? ಅನ್ನ ಆರೋಗದೆ. ಕೈ ತೊಳ್ಕ."